ಶಾವಿಗೆ ಮಣೆಯ ಮೇಲಿನ ಬೋ ಪ್ರೆಸ್

ಲಿಂಗಸುಗೂರು ಬಸ್ಸಿಗೆ ಕಾಯುತ್ತ ಮಸ್ಕಿ ನಿಲ್ದಾಣದಲ್ಲಿ ಕುಳಿತಿದ್ದ ಉಮಾದೇವಿಯ ಕಿವಿ ಪಕ್ಕದ ಅತ್ತೆ-ಸೊಸೆಯರ ಮಾತಿನತ್ತ ತಾನಾಗಿಯೇ ಹೊರಳಿತು. ಸೊಸೆಯ ತೊಡೆಯ ಮೇಲೆ, ಎರಡೂ ತುದಿಗೆ ಗಾಲಿಗಳಿರುವ ಕಾಂಪೌಂಡ್ ಬಿಲ್ಲಿನ ಉದ್ದನೆಯ ಚೀಲವಿತ್ತು.

“ಅಶ್ವಿನಿ, ಹೊಸಾ ದಾರ ಗಟ್ಟಿ ಕುಂತೈತಿಲ್ಲ?”

“ಕುಂತೈತ್ರಿ ಅತ್ತಿ. ನಿನ್ನೆ ಬಿಟ್ಟ ಬಾಣ ಎಲ್ಲಾ ಒಂದೇ ಕಡಿ ಹೋದ್ವು.”

“ಮೊದ್ಲು ಯಾಕ ಮ್ಯಾಲ-ಕೆಳಗ ಹೋಗತಿದ್ವು?”

“ಬಿಲ್ಲಿನ ಎರಡೂ ಗಾಲಿ ಕೂಡಿ ತಿರುಗತಿದ್ದಿಲ್ರಿ. ಬೋ ಪ್ರೆಸ್ಸಿನ್ಯಾಗ ಬಿಲ್ಲು ಒತ್ತಿ ಹಿಡದು, ದಾರಕ್ಕ ಇನ್ನಷ್ಟು ಹುರಿ ಹಾಕಿದ ಮ್ಯಾಲ ಸರಿಯಾತು.”

“ಹಿಡಿಕಿ ತಿರುವುವಾಗ ನನ್ನ ಜೀವಾ ಬಾಯಿಗೆ ಬಂದಿತ್ತು. ಬಿಲ್ಲು ಮುರೀತಂತ ಮಾಡಿದ್ದೆ.”

“ಶಾವಿಗಿ ಮಷೀನು ತಿರುವಿದಂಗ ಹಗೂರ ತಿರುವಿದ್ರಲ್ರಿ.”

“ಮಷೀನು ತಗದು ಪ್ರೆಸ್ ಕೂಡಿಸಿದ್ದು ಅದೇ ಶಾವಿಗಿ ಮಣಿ ಮ್ಯಾಲ ಅಲ್ಲೇನು ಮತ್ತ!”

ಸೊಸೆಯ ದನಿ ತಗ್ಗಿತು.

“ನಾಳೆ ಪ್ರೆಸ್ ಬಿಚ್ಚಿ, ಮಷೀನು ಮತ್ತ ಅಲ್ಲೇ ಕೂಡಸ್ತೀನ್ರಿ. ಯುಗಾದಿ ಬಂತು. ಅಂಗಡಿ ಶಾವಿಗಿ ನೀವು ಮುಟ್ಟಂಗಿಲ್ಲ.”

ಸಿಂಧನೂರು ಬಸ್ಸು ಬಂದು ನಿಂತಿತು. ಅತ್ತೆ ಬಿಲ್ಲಿನ ಚೀಲವನ್ನು ತಾನೇ ಹೆಗಲಿಗೇರಿಸಿ, ಬುತ್ತಿಯ ಚೀಲವನ್ನು ಸೊಸೆಯ ಕೈಗಿತ್ತಳು.

“ಇವತ್ತು ನಿನ್ನನ್ನ ರಾಜ್ಯದ ತಂಡಕ್ಕ ಆರಿಸಿದ್ರ, ಮುಂದ ದಾರ ಎಲ್ಲಿ ಬದಲಿ ಮಾಡ್ತಿ?”

“ಅದು...”

“ಪ್ರೆಸ್ ಅಲ್ಲೇ ಇರ್ಲಿ. ಈ ಸಲ ಅಂಗಡಿ ಶಾವಿಗಿ ತಿಂದ್ರಾತು. ಹತ್ತು, ಬಸ್ಸು ಹತ್ತು.”