ಉಪಾಯ ಯಾರದು

ಬ್ಯಾಡಗಿಯಿಂದ ಹಾವೇರಿಗೆ ಹೊರಟ ಬಸ್ಸಿನಲ್ಲಿ, ಊರಿಗೆ ಮರಳುತ್ತಿದ್ದ ಶಾರದವ್ವನ ಮುಂದಿನ ಸೀಟಿನಲ್ಲಿ ಮೆಣಸಿನಕಾಯಿ ಗೋದಾಮಿನ ಆಫೀಸಿನ ಇಬ್ಬರು ಹುಡುಗಿಯರು ಮಾತಾಡುತ್ತಿದ್ದುದು ಅವಳಿಗೆ ಕೇಳಿಸುತ್ತಿತ್ತು.

“ಆಫೀಸಿನ ಪತ್ರ ಎಲ್ಲಾ ಈಗ ಎಐನೇ ಬರೀತೈತಿ, ನಾಗರತ್ನಾ. ಪುರುಸೊತ್ತಾತು ಅಂತ ತೊಟ್ಟು ಬಿಡಿಸೋರ ಹತ್ರ ಹೋಗಿ ಕುಂತೆ.”

“ಆಮ್ಯಾಲೆ?”

“ಮಧ್ಯಾಹ್ನ ಗಾಳಿ ತಿರುಗಿ ಘಾಟೆಲ್ಲಾ ಮಾರಿಗೇ ಬಡೀತು. ನನಗೂ ಕೆಮ್ಮು ಹತ್ತಿತು. ದಿನಾ ಉಂಡ ಮ್ಯಾಲೆ ಇವರನ್ನ ಆಕಡಿ ಬಾಗಲಕ್ಕ ಕುಂದ್ರಸ್ರಿ ಅಂತ ಮ್ಯಾನೇಜರ್‌ಗೆ ಅಂದೆ. ಈಗ ಯಾರೂ ಕೆಮ್ಮಂಗಿಲ್ಲ.”

“ಮ್ಯಾನೇಜರ್ ಹೊಗಳಿರಬೇಕಲ್ಲ, ಶೈಲಾ?”

“ಎಐ ಛಲೋ ಐಡಿಯಾ ಕೊಟ್ಟೈತಿ ಅಂದ್ರು. ಅದು ನಂದ್ರೀ ಅಂದ್ರ ನಕ್ಕರು. ನಾಳೆ ಮಾಲಕರಿಗೂ ಹಂಗ ಹೇಳ್ತಾರ. ಇನ್ನ ನಾ ಏನೂ ಹೇಳಾಂಗಿಲ್ಲ ಬಿಡು.”

ಹಾವೇರಿ ಬಂತು. ನಾಗರತ್ನಾ ಗೆಳತಿಯ ಬ್ಯಾಗನ್ನೂ ತಾನೇ ಹೆಗಲಿಗೇರಿಸಿಕೊಂಡಳು.

“ನಾಳೆ ನಾನೂ ಅಲ್ಲೇ ಇರ್ತೇನಿ. ಎಐಗೆ ಕೆಮ್ಮು ಯಾವಾಗ ಹತ್ತಿತ್ರೀ ಸಾಹೇಬ್ರ ಅಂತ ಮಾಲಕರ ಮುಂದ ಕೇಳ್ತೇನಿ. ನಡಿ, ಇಳಿ.”