ತೌನೊ ಸರಿಮಾಡಿದ ಕೊನೆಯ ರೈಫಲ್

ಗೌರವಾನ್ವಿತ ಪಾದ್ರಿಗಳೇ, ಲೆಂಪಿ ಅತ್ತಿಗೆ, ಹೆಲ್ಕಾ, ನಮ್ಮ ಬೇಟೆ ತಂಡದ ಗೆಳೆಯರೇ, ಕೆರೆಯಾಚೆಯಿಂದ ಬಂದಿರುವ ನೆಂಟರೇ — ಎಲ್ಲರಿಗೂ ವಂದನೆಗಳು.

ನಾನು ಓಸ್ಸಿ. ತೌನೊ ಕರ್ಪಿನೆನ್ ಅವರ ಬಂದೂಕು ರಿಪೇರಿ ಅಂಗಡಿಯಲ್ಲಿ, ಅವರ ಪಕ್ಕದ ಮೇಜಿನಲ್ಲೇ ಕೆಲಸ ಮಾಡುತ್ತಾ ಮುದುಕನಾದವನು. ನೋಡಿ, ಈ 'ಅವರು' ಎನ್ನುವುದು ನನ್ನ ಬಾಯಿಗೆ ಹೊಂದುತ್ತಿಲ್ಲ. 'ಅವನು' ಅಂತಲೇ ಅನ್ನುತ್ತೇನೆ, ತಪ್ಪು ತಿಳಿಯಬೇಡಿ.

ಕಾಫಿ ಆರುತ್ತಿದೆ, ಗೊತ್ತು. ಆದರೆ ನನಗೆ ಕೂರಲಾಗುತ್ತಿಲ್ಲ. ಹೋದ ವಾರ ಅವನ ಎದೆಬಡಿತ ನಿಂತಾಗಿನಿಂದ ನನ್ನ ಕೈಕಾಲಿಗೆ ನೆಮ್ಮದಿಯೇ ಇಲ್ಲ. ಸ್ಕ್ರೂಡ್ರೈವರ್ ಎತ್ತುತ್ತೇನೆ — ಇಡುತ್ತೇನೆ. ಅಂಗಡಿ ಬಾಗಿಲು ತೆಗೆಯುತ್ತೇನೆ — ಮುಚ್ಚುತ್ತೇನೆ. ಶನಿವಾರ ಮೂಸ್ ಜಿಂಕೆಗಳ ಬೇಟೆ ಶುರುವಾಗುತ್ತದೆ. ಅಂಗಡಿಯಲ್ಲಿ ಒಂದು ಹೊಸ ರೈಫಲ್ ಕೂತಿದೆ. ಅದರ ಒಡತಿ, ತೌನೊನ ಮಗಳು ಹೆಲ್ಕಾ, ಇಗೋ, ಇಲ್ಲೇ, ಅಮ್ಮ ಲೆಂಪಿಯ ಪಕ್ಕ ಇದ್ದಾಳೆ. ನಿನ್ನೆ ಕೇಳಿದರೆ ಅದನ್ನು ಮುಟ್ಟುವುದಿಲ್ಲ, ಬೇಟೆಗೂ ಬರುವುದಿಲ್ಲ ಎಂದಳು.

"ಅಪ್ಪಂಗೆ ನನ್ ಮೇಲೆ ನಂಬಿಕೆನೇ ಇರ್ಲಿಲ್ಲ ಓಸ್ಸಿ ಮಾಮ" ಎಂದಳು.

ಅದಕ್ಕೇ ಎದ್ದು ನಿಂತಿದ್ದೇನೆ. ಅವನನ್ನು ಹೊಗಳುವುದಕ್ಕಲ್ಲ. ಹೊಗಳಿದರೆ ಮಣ್ಣಿನೊಳಗಿಂದಲೇ ಬೈದಾನು.

ಇಲ್ಲಿರುವ ಬೇಟೆಗಾರರಲ್ಲಿ ಯಾರ ಕೈ ಅವನ ಬಕೆಟ್ಟಿನಲ್ಲಿ ಮುಳುಗಿಲ್ಲ, ಹೇಳಿ? ಎಸ್ಕೊ, ನಗಬೇಡ — ನೀನು ಅಂದು ಆಡಿದ ಮಾತನ್ನು ಪಾದ್ರಿಗಳ ಎದುರು ಹೇಳಲಾರೆ. ಮಂಜುಗಡ್ಡೆ ತೇಲುವ ಕೆರೆ ನೀರು. ಬೆರಳು ಮರಗಟ್ಟುವವರೆಗೂ ಕೈ ಅದರೊಳಗಿರಬೇಕು. ಆಮೇಲೆ ಖಾಲಿ ರೈಫಲಿನ ಟ್ರಿಗರ್ ಎಳೆಯಬೇಕು. ನಮಗೇ ಗೊತ್ತಾಗದೆ ಅದು ಟಕ್ಕೆಂದಿತೋ — "ಇದಿನ್ನೂ ನಿಂದಲ್ಲ, ನಂದು" ಎಂದು ಕಿತ್ತುಕೊಂಡು ಮತ್ತೆ ಮೇಜಿಗೇರಿಸುತ್ತಿದ್ದ. ಅಕ್ಟೋಬರ್ ಚಳಿಗೆ ಮರಗಟ್ಟಿದ ಬೆರಳಿಗೆ ಏನು ತಿಳಿಯುತ್ತದೋ ಅದೇ ಸರಿಯಾದ ಟ್ರಿಗರ್ ಎಂಬುದು ಅವನ ಹಟ.

ಹೆಲ್ಕಾ ತಂದ ರೈಫಲ್ ಹೊಚ್ಚ ಹೊಸದು. ಆದರೆ ಗುಂಡು ಒಂದು ಅತ್ತ ಹೋದರೆ ಇನ್ನೊಂದು ಇತ್ತ. ತೌನೊ ಒಂದು ಕಾಗದದ ಚೂರನ್ನು ನಳಿಗೆಗೂ ಹಿಡಿಯ ಮರಕ್ಕೂ ನಡುವೆ ತೂರಿಸಿದ — ಹೀಗೆ. ಅರ್ಧಕ್ಕೇ ಸಿಕ್ಕಿಕೊಂಡಿತು.

"ನೋಡಿಲ್ಲಿ, ಮರ ಒತ್ತಿ ಹಿಡ್ಕೊಂಡಿದೆ. ಬಿಸಿಯಾದಾಗ ನಳಿಗೆ ಪಾಪ ಎಲ್ಲಿಗ್ ಹೋಗ್ಬೇಕು?"

ಮರವನ್ನು ಹೆರೆದ. ಉಕ್ಕು ಕೂರುವ ಕಡೆ ಅಂಟು ಎರೆದು ಅಲುಗಾಡದಂತೆ ಮಾಡಿದ. ಆಮೇಲೆ ಗುರಿಹಲಗೆಯಲ್ಲಿ ಗುಂಡುಗಳೆಲ್ಲ ಒಂದೇ ಕಡೆ ಗುಂಪುಗೂಡಿದವು. ಹೆಲ್ಕಾ ಅಪ್ಪನ ಬೋಳುತಲೆಗೆ ಮುತ್ತು ಕೊಟ್ಟಳು. ಕೊಟ್ಟೆ ತಾನೆ ಹೆಲ್ಕಾ? ನಾನು ನೋಡಿದ್ದೇನೆ.

ತಕರಾರು ಶುರುವಾದದ್ದು ಟ್ರಿಗರಿನಲ್ಲಿ. ಅದು ಅರ್ಧ ದಾರಿಯಲ್ಲಿ ತಡವರಿಸುತ್ತಿತ್ತು. ಒಳಗಿನ ಉಕ್ಕನ್ನು ಸಾಣೆಕಲ್ಲಿನಿಂದ ನುಣುಪು ಮಾಡಿ, ಸ್ಪ್ರಿಂಗ್ ಸಡಿಲಿಸಿ ಕೊಟ್ಟ.

"ಇನ್ನೂ ಹಗುರ ಮಾಡಪ್ಪ. ಗುರಿ ಸ್ಪರ್ಧೇಲಿ ನಾವು ಎಳೆಯೋ ಟ್ರಿಗರ್ ಇದರರ್ಧ ಬಿಗಿನೂ ಇರಲ್ಲ."

"ಅಲ್ಲಿ ನಿನ್ನೆದುರು ಹಲಗೆ ಇರತ್ತೆ. ಇಲ್ಲಿ ಪೊದೆ ಹಿಂದೆ ಮನುಷ್ಯರಿರ್ತಾರೆ. ಬಕೆಟ್ಟಿಗೆ ಕೈ ಹಾಕು."

"ನಾನೇನು ನಿನ್ನ ಗಿರಾಕಿನಾ? ಮಗಳು."

"ಮಗಳಾದ್ರೆ ಚಳಿ ಬಿಟ್ಬಿಡತ್ತಾ?"

ಬಾಗಿಲು ಧಡಾರೆಂದಿತು. ಅಪ್ಪ-ಮಗಳ ನಡುವೆ ಮತ್ತೆ ಮಾತು ನಡೆಯಲಿಲ್ಲ. ಅಷ್ಟರಲ್ಲಿ ಅವನು ಹೋಗಿಬಿಟ್ಟ.

ಆದರೆ ಹೆಲ್ಕಾ, ನೀನು ಹೋದಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ಅವನು ಅಡುಗೆಮನೆಗೆ ಕೂಗಿದ.

"ಲೆಂಪಿ, ಬಾರೇ ಇಲ್ಲಿ. ನಿನ್ ಬೆರಳೂ ಅವಳ್ ಬೆರಳೂ ಒಂದೇ ಅಚ್ಚು."

"ಹಿಟ್ಟು ಕಲಸ್ತಾ ಇದೀನಿ! ನಿನಗೇನ್ ತಲೆ ಕೆಟ್ಟಿದ್ಯಾ?"

ಬೈಯುತ್ತಲೇ ಬಂದರು ಅತ್ತಿಗೆ. ಬೈಯುತ್ತಲೇ ಕೈ ಮುಳುಗಿಸಿದರು. ಎಳೆದರು — ಟಕ್. ಅವನು ಸ್ಕ್ರೂ ಒಂಚೂರು ತಿರುಗಿಸಿದ. ಮತ್ತೆ ಬಕೆಟ್, ಮತ್ತೆ ಟಕ್. ಅತ್ತಿಗೆಯ ಕೈ ಬೀಟ್ರೂಟಿನಂತೆ ಕೆಂಪಾಯಿತು. ಕೊನೆಗೆ, "ಹಾಂ, ಈಗ ಗೊತ್ತಾಗತ್ತೆ. ಬಿಡೋಕ್ ಮುಂಚೆ ಒಂದ್ಸಲ ನಿಂತು ಹೇಳತ್ತೆ" ಎಂದರು. ತಾನಾಗಿ ಬಿಟ್ಟುಕೊಳ್ಳುತ್ತದೋ ಎಂದು ತೌನೊ ಹಿಡಿಯ ಬುಡಕ್ಕೆ ಮರದ ಸುತ್ತಿಗೆಯಿಂದ ಗುದ್ದಿ ನೋಡಿದ. ಟ್ರಿಗರ್ ಜಪ್ಪಯ್ಯ ಎನ್ನಲಿಲ್ಲ. ಆಗ ಅವನ ಮುಖ ನೀನು ನೋಡಬೇಕಿತ್ತು.

ಇದನ್ನೂ ನೀನು ಅಪನಂಬಿಕೆ ಎನ್ನಬಹುದು. ತಡಿ — ಇನ್ನೊಂದಿದೆ. ಇವತ್ತು ಬೆಳಿಗ್ಗೆ ಸಮಾಧಿಯ ಹತ್ತಿರ ನಮ್ಮ ತಂಡದ ಮುಖ್ಯಸ್ಥ ಎಸ್ಕೊ ನನಗೆ ಹೇಳಿದ ಮಾತು. ನೀನು ಜಗಳವಾಡಿ ಹೋದ ಮರುದಿನ ತೌನೊ ಅವನ ಮನೆಗೆ ಹೋಗಿದ್ದನಂತೆ.

"ಜೌಗುಬಯಲಿನ ಅಂಚಿನಲ್ಲಿ ನಾನು ಕಾದು ನಿಲ್ಲೋ ಜಾಗನ ಹೆಲ್ಕಾಗ್ ಕೊಡು."

"ಮತ್ತೆ ನೀನು?"

"ಹಳು ನುಗ್ಗೋರ ಜತೆ ಹೋಗ್ತೀನಿ."

ಎಸ್ಕೊ, ಬರೀ ತಲೆ ಆಡಿಸಿದರೆ ಸಾಲದು, ಬಾಯಿಬಿಟ್ಟು ಹೇಳು. ಹೌದು ತಾನೆ? — ಕೇಳಿದಿರಾ? ಹೌದಂತೆ.

ಹಳು ನುಗ್ಗುವುದೆಂದರೇನು, ಬೇಟೆಗಾರರಿಗೆ ಗೊತ್ತು. ಪಾದ್ರಿಗಳಿಗಾಗಿ ಹೇಳುತ್ತೇನೆ. ಕೂಗು ಹಾಕುತ್ತಾ, ಮೂಸನ್ನು ಎಬ್ಬಿಸಿ ಅಟ್ಟುತ್ತಾ, ಕಾಡೊಳಗಿಂದ ಬಂದೂಕಿನವರ ಕಡೆಗೇ ನಡೆದುಬರುವುದು. ತೌನೊ ಜನ್ಮದಲ್ಲೇ ಆ ಕೆಲಸಕ್ಕೆ ಒಪ್ಪಿದವನಲ್ಲ. ಯಾರ ಬೆರಳು ಹೇಗೋ ಏನೋ ಎನ್ನುತ್ತಿದ್ದ. ಅವನೇ ಸರಿಮಾಡಿಕೊಟ್ಟ ರೈಫಲ್ ಹಿಡಿದು ನಾನು ನಿಂತಿದ್ದಾಗಲೂ, ಒಂದೇ ಒಂದು ಸಲ ನನ್ನೆದುರು ಆ ಕಾಡೊಳಗಿಂದ ಬರಲಿಲ್ಲ. ಹೆಲ್ಕಾ, ನಿನ್ನೆದುರು ಬರಲು ಹೊರಟಿದ್ದ. ಸುಳ್ಳೇಕೆ, ನನಗೆ ಹೊಟ್ಟೆಕಿಚ್ಚಾಗುತ್ತಿದೆ.

ಶನಿವಾರ ಆ ಜಾಗವನ್ನು ಎಸ್ಕೊ ಬೇರೆ ಯಾರಿಗೂ ಕೊಟ್ಟಿಲ್ಲ. ಹಳು ನುಗ್ಗುವವರಲ್ಲಿ ಒಬ್ಬ ಕಡಿಮೆಯಾಗಿದ್ದಾನೆ. ನಾನು ನನ್ನ ರೈಫಲ್ ಮನೆಯಲ್ಲಿಟ್ಟು ಅವನ ಬದಲು ನಡೆದುಬರುತ್ತೇನೆ. ಎದುರಿಗೆ ನೀನಿದ್ದರೆ ನನಗೇನೂ ಭಯವಿಲ್ಲ. ಈಗಲೇ ಉತ್ತರ ಬೇಡ, ಅಳು ನಿಲ್ಲಲಿ.

ಬಂಧುಗಳೇ, ದಯವಿಟ್ಟು ಎಲ್ಲರೂ ಏಳಿ. ಟೋಪಿ ತೆಗೆಯಿರಿ, ಲೋಟ ಕೆಳಗಿಡಿ. ಲೆಂಪಿ ಅತ್ತಿಗೆ, ನನ್ನ ತೋಳು ಹಿಡಿದುಕೊಳ್ಳಿ. ತೌನೊಗಾಗಿ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ ನಿಲ್ಲೋಣ — ನಾನೂ ನಿಲ್ಲುತ್ತೇನೆ.