ಕಾಮಣಿ ಬರಿ

ರಾಯಚೂರಿನ ಆಸ್ಪತ್ರೆಯೊಂದರಲ್ಲಿ ತನ್ನ ಪಾಳಿಗಾಗಿ ಕಾಯುತ್ತ ಕೂತಿದ್ದ ಶೈಲಶ್ರೀಗೆ, ಪಕ್ಕದ ಬೆಂಚಿನಲ್ಲಿದ್ದ ಮಸರಕಲ್ ಊರಿನ ಅತ್ತೆ-ಸೊಸೆಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಲಿವರ್ ಕೆಟ್ಟೋರಿಗೆ ಗಂಟಲದಾಗ ನರ ಒಡದು ರಕ್ತ ಹೋಗತದಂತ. ನಿಮ್ಮ ಮಗಗ ಅಲ್ಲೇನೂ ಇಲ್ಲಂತ್ರಿ, ಅತ್ತಿ, ಆದ್ರೂ ರಕ್ತ ಹೋಗೋದು ನಿಂತಿಲ್ಲ. ಹಳೇ ಆಪರೇಷನ್ ಆಗಿದ್ರ ಆ ಹೊಲಿಗಿ ಹತ್ರನೂ ಒಡೀತಾವಂತ. ಹೊಟ್ಟಿಮ್ಯಾಲಿನ ಗಾಯದ ಕಲಿ ಏನಂತ ಡಾಕ್ಟರ್ ಕೇಳಿದ್ರು."

"ನೀ ಏನಂದಿ?"

"ಸಣ್ಣಾಂವಿದ್ದಾಗ ಕಾಮಣಿ ಆಗಿ ಮೈ ಹಳದಿ ಆದಾಗ ಸುಟ್ಟ ಬರಿ ಅಂದೆ. ನೀವೇ ಹೇಳಿದ್ರಲ್ಲ?"

ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡಳು.

"ಬರಿ ಅಲ್ಲವ್ವಾ. ಕರುಳು ಕೊಯ್ದು ಹೊಲಿದಾರ. ಹೇಳಿದ್ರ ಯಾರೂ ಹೆಣ್ಣು ಕೊಡ್ತಿದ್ದಿಲ್ಲ."

"ಲಗ್ನಾಗಿ ಹನ್ನೆರಡು ವರ್ಷಾತಲ್ರೀ!"

"ನೀ ತವರಿಗಿ ಹೋಗಿಬಿಡ್ತಿ ಅಂತ ಅಂಜಿದೆ."

ಸೊಸೆ ಎದ್ದು ಅತ್ತೆಯ ರಟ್ಟೆ ಹಿಡಿದಳು.

"ಏಳ್ರಿ. ನನ್ನ ಮುಂದ ಅಳೋದು ಆಮ್ಯಾಲ. ಮೊದಲ ಡಾಕ್ಟರಿಗೆ ಹೇಳ್ರಿ."

ಇಬ್ಬರೂ ಓಡಿದರು. ಮುದುಕಿಯ ಚಪ್ಪಲಿಗಳು ಬೆಂಚಿನ ಕೆಳಗೇ ಉಳಿದವು.